ಕಚ್ಚಿದ ಬೋಲ್ಟು, ಕಾರ್ಮಿಕನ ಕೈ



ಸಂಬಳ, ಬೋನಸ್, ರಜೆ, ಇರಲು ಒಂದು ಕೋಣೆ, ಈ ಅಂಕಣದಲ್ಲಿ ಸಾಮಾನ್ಯವಾಗಿ ಚರ್ಚೆಗೆ ಬರುವ ವಿಷಯಗಳು ಇವು. ಈ ಸಲ ನಾವು ಬೋಲ್ಟಿಗೆ ಹಚ್ಚುವ ಮುಲಾಮಿನ ಕುರಿತು ಬರೆಯುತ್ತಿದ್ದೇವೆಂದರೆ ಕೆಲವರಿಗೆ ನಗು ಬಂದೀತು. "ಅದು ಫಿಟ್ಟರನ ಕೆಲಸ, ಅದಕ್ಕೂ ಸಂಘಕ್ಕೂ ಏನು ಸಂಬಂಧ?" ಎಂದು ಕೇಳುವವರೂ ಇದ್ದಾರು. ಸಂಬಂಧವಿದೆ. ಬೋಲ್ಟು ಕಚ್ಚಿಕೊಂಡರೆ ಸುತ್ತಿಗೆ ಹಿಡಿಯುವ ಕೈ ಮಾಲಿಕರದ್ದಲ್ಲ. ಪಾನಾ ಜಾರಿದರೆ ಗೋಡೆಗೆ ಬಡಿಯುವ ಗೆಣ್ಣೂ ಅವರದ್ದಲ್ಲ. ಯಾರ ಕೈಗೆ ಪೆಟ್ಟು ಬೀಳುವುದೋ ಅವರಿಗೆ ಆ ವಿಷಯ ತಿಳಿದಿರಬೇಕು. ಇದಿಷ್ಟೇ ನಮ್ಮ ವಾದ.

ಹಿಂದೆ ಮುಂಬಯಿಯ ದೊಡ್ಡ ಗಿರಣಿಗಳಲ್ಲಿ ಎಣ್ಣೆ ಹಾಕುವುದಕ್ಕೆಂದೇ ಬೇರೆ ಆಳು ಇರುತ್ತಿದ್ದ. ಆಯ್ಲರ್ ಎಂದು ಮಸ್ಟರಿನಲ್ಲಿ ಅವನ ಹೆಸರು. ಯಾವ ಯಂತ್ರಕ್ಕೆ ಯಾವ ಎಣ್ಣೆ, ಎಷ್ಟು ದಿನಕ್ಕೊಮ್ಮೆ, ಎಂಬುದು ಅವನಿಗೆ ಬಾಯಿಪಾಠ. 1982ರ ಜನವರಿ 18ರಂದು ಆರಂಭವಾದ ಮಹಾ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಕೆಲಸ ಕಳೆದುಕೊಂಡವರಲ್ಲಿ ಎಷ್ಟೋ ಮಂದಿ ಪರಳ, ಲಾಲಬಾಗಗಳ ಚಾಳುಗಳನ್ನು ಬಿಟ್ಟು ಠಾಣೆ, ಡೊಂಬಿವಲಿ, ಕಲ್ಯಾಣದ ಕಡೆಗೆ ಬಂದರು. ಇಂದು ನಮ್ಮವರು ದುಡಿಯುವುದು ವಾಗಳೆ ಎಸ್ಟೇಟಿನ ಸಣ್ಣ ವರ್ಕ್‌ಶಾಪುಗಳಲ್ಲಿ, ಡೊಂಬಿವಲಿ ಎಂಐಡಿಸಿಯ ಬಣ್ಣದ ಕಾರ್ಖಾನೆಗಳಲ್ಲಿ, ಭಿವಂಡಿಯ ಮಗ್ಗಗಳಲ್ಲಿ, ರಬಾಳೆ, ಮಹಾಪೆ, ತುರ್ಭೆಯ ಶೆಡ್ಡುಗಳಲ್ಲಿ, ಮತ್ತು ಎಲ್ಲ ಸ್ಟೇಷನ್ನುಗಳ ಎದುರಿಗಿರುವ ಹೋಟೆಲುಗಳಲ್ಲಿ. ಇಂಥ ಕಡೆ ಆಯ್ಲರ್ ಎಂಬ ಹುದ್ದೆಯೇ ಇಲ್ಲ. ಹತ್ತಿರ ನಿಂತವನು ಕೈಗೆ ಸಿಕ್ಕಿದ್ದನ್ನು ಹಚ್ಚುತ್ತಾನೆ. ಅಲ್ಲಿಂದ ತೊಂದರೆ ಶುರುವಾಗುತ್ತದೆ.

ಬೋಲ್ಟು ಕಚ್ಚುವುದು ಹೇಗೆ?

ನಮ್ಮ ಈ ಪ್ರದೇಶ ಕಬ್ಬಿಣಕ್ಕೆ ಒಳ್ಳೆಯ ಊರಲ್ಲ. ಒಂದು ಕಡೆ ಠಾಣೆಯ ಖಾಡಿ, ಅದರ ಉಪ್ಪುಗಾಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದೇ ಸಮನೆ ಮಳೆ. ಒಳಗೆ ಹೋಟೆಲಿನ ಹಬೆ, ಹಿಟ್ಟಿನ ಹುಳಿ, ಉಪ್ಪುನೀರು. ಕಾರ್ಖಾನೆಯಲ್ಲಾದರೆ ಆಮ್ಲದ ಆವಿ. ಕಬ್ಬಿಣ ತುಕ್ಕಾದಾಗ ಮೊದಲಿನ ಕಬ್ಬಿಣಕ್ಕಿಂತ ಕಡಿಮೆಯೆಂದರೂ ಎರಡು ಪಟ್ಟು ಜಾಗ ಹಿಡಿಯುತ್ತದೆ. ಬೋಲ್ಟಿನ ಮೈಮೇಲಿನ ಸುತ್ತುಗಳಿಗೆ ನಾವು ಥ್ರೆಡ್ ಎನ್ನುತ್ತೇವೆ, ಮರಾಠಿ ಮಿಸ್ತ್ರಿಗಳ ಬಾಯಲ್ಲಿ ಅವೇ ಆಟೆ. ಆ ಸುತ್ತುಗಳ ನಡುವಿನ ಕೂದಲೆಳೆಯಷ್ಟು ಸಂದಿಯಲ್ಲಿ ತುಕ್ಕು ಉಬ್ಬಿಕೊಂಡರೆ ನಟ್ಟು ತಿರುಗುವುದಾದರೂ ಹೇಗೆ?

ಹಾಗಾದರೆ ಸ್ಟೇನ್‌ಲೆಸ್ ಬೋಲ್ಟು ಹಾಕಿದರಾಯಿತು ಎನ್ನುವಿರಾ? ಅದಕ್ಕೆ ತುಕ್ಕು ಕಡಿಮೆ, ನಿಜ. ಆದರೆ ಅದರ ರೋಗವೇ ಬೇರೆ. ಸ್ಟೇನ್‌ಲೆಸ್ ಉಕ್ಕಿನ ಮೇಲೆ ಕಣ್ಣಿಗೆ ಕಾಣದ ತೆಳುವಾದ ಪೊರೆಯೊಂದಿದೆ. ಬೋಲ್ಟೂ ಸ್ಟೇನ್‌ಲೆಸ್, ನಟ್ಟೂ ಸ್ಟೇನ್‌ಲೆಸ್ ಆಗಿದ್ದು, ಒಣಗಿದ್ದಾಗಲೇ ರಭಸದಿಂದ ಬಿಗಿದರೆ ಈ ಪೊರೆ ಹರಿದು ಲೋಹಕ್ಕೆ ಲೋಹ ಅಂಟಿಕೊಳ್ಳುತ್ತದೆ. ಬೆಂಕಿಯಿಲ್ಲದೆ ಬೆಸುಗೆ ಹಾಕಿದಂತೆ! ನಿನ್ನೆ ತಂದ ಹೊಸ ಬೋಲ್ಟು ಇಂದು ಅರ್ಧಕ್ಕೆ ನಿಂತು ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ಇದ್ದರೆ ಕಾರಣ ಇದೇ. ಬಣ್ಣದ ಕಾರ್ಖಾನೆಗಳಲ್ಲೂ ಹೋಟೆಲುಗಳ ಅಡಿಗೆಮನೆಯಲ್ಲೂ ಇದನ್ನು ಕಾಣದವರು ಕಡಿಮೆ.

ಕಚ್ಚಿದ ಮೇಲೆ ಏನಾಗುತ್ತದೆಂಬುದನ್ನು ನಾವೆಲ್ಲ ಬಲ್ಲೆವು. ಪಾನಾಕ್ಕೆ ಉದ್ದ ಪೈಪು ತೊಡಿಸಿ ಇಬ್ಬರು ಜೋತುಬೀಳುತ್ತಾರೆ. ಪಾನಾ ಜಾರುತ್ತದೆ, ಅಥವಾ ಬೋಲ್ಟಿನ ತಲೆ ಮುರಿದು ಇಬ್ಬರೂ ಹಿಂದಕ್ಕೆ ಬೀಳುತ್ತಾರೆ. ಆಮೇಲೆ ಉಳಿ, ಸುತ್ತಿಗೆ, ಕೊನೆಗೆ ಗ್ಯಾಸ್ ಕಟರು. ಉಗುರಿನಲ್ಲಿ ಹೋಗುವ ಕೆಲಸಕ್ಕೆ ಕೊಡಲಿ ಎತ್ತಿದಂತೆ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಹಿಂದೆ ನಾವು ದುಡಿಯುತ್ತಿದ್ದ ಒಂದು ಹೋಟೆಲಿನಲ್ಲಿ (ಹೆಸರು ಬೇಡ) ಗ್ರೈಂಡರಿನ ಬೆಲ್ಟಿಗೆ ಕಬ್ಬಿಣದ ಜಾಲರಿ ಇತ್ತು, ಅದಕ್ಕೆ ನಾಲ್ಕು ಬೋಲ್ಟು. ಬೆಲ್ಟು ಬದಲಿಸುವ ದಿನ ಮೂರು ಬೋಲ್ಟು ಅಲುಗಲೇ ಇಲ್ಲ. ಕತ್ತರಿಸಿ ತೆಗೆದರು. ಬೆಲ್ಟು ಬಂತು, ಯಂತ್ರ ತಿರುಗಿತು, ಹಿಟ್ಟು ರುಬ್ಬಿತು. ಜಾಲರಿ ಮಾತ್ರ ಹಿತ್ತಲಿನ ಮೂಲೆ ಸೇರಿತು. "ನಾಳೆ ಹಾಕಿಸೋಣ" ಎಂಬ ಆ ನಾಳೆ ಬರುವ ಮೊದಲೇ ಒಬ್ಬ ಹುಡುಗನ ಅಂಗಿಯ ತೋಳು ಬೆಲ್ಟಿಗೆ ಸಿಕ್ಕಿ ಎರಡು ಬೆರಳು ಹೋದವು. ಆಗ ಎಲ್ಲರೂ ಹುಡುಗನ ಅಜಾಗ್ರತೆಯ ಮಾತಾಡಿದರು. ಬೋಲ್ಟಿನ ಮಾತನ್ನು ಯಾರೂ ಎತ್ತಲಿಲ್ಲ. ಜಾಲರಿ ತೆಗೆದಿಟ್ಟ ಯಂತ್ರಗಳನ್ನು ನೋಡಿದಾಗಲೆಲ್ಲ ಅದರ ಬೋಲ್ಟಿನ ಕಡೆಗೂ ಒಮ್ಮೆ ನೋಡಿರಿ. ಸುಲಭವಾಗಿ ಬಿಚ್ಚಲು ಬರುವ ಜಾಲರಿಯನ್ನೇ ಜನ ಮತ್ತೆ ಹಾಕುತ್ತಾರೆ.

ಗ್ರೀಸು ಸಾಲದೇ?

"ಹಚ್ಚುವುದಕ್ಕೆ ಗ್ರೀಸಿದೆ, ಕೊಬ್ಬರಿ ಎಣ್ಣೆಯಿದೆ, ಕರಿದ ಎಣ್ಣೆಯಿದೆ" ಎನ್ನುವವರಿಗೆ ಒಂದು ಪ್ರಶ್ನೆ. ನಿಮ್ಮ ಹೋಟೆಲಿನ ಬಾಣಲೆಯ ಹೊರಮೈಯನ್ನು ಉಜ್ಜಿದ್ದೀರಾ? ಅಲ್ಲಿ ಗಟ್ಟಿಯಾಗಿ ಕೂತ ಕಂದು ಬಣ್ಣದ ಪದರ ಯಾವುದರದು? ಕರಿದ ಎಣ್ಣೆಯದೇ. ಕಾವು ತಾಗಿ ತಾಗಿ ಎಣ್ಣೆ ವಾರ್ನಿಷಿನಂತೆ ಗಟ್ಟಿಯಾಗುತ್ತದೆ. ಬಿಸಿ ತಾಗುವ ಬೋಲ್ಟಿಗೆ ಅಡಿಗೆ ಎಣ್ಣೆ ಹಚ್ಚಿದರೆ ಅಂಟು ಹಾಕಿ ಕೂರಿಸಿದಂತೆ. ಬಿಸಿ ತಾಗದ ಕಡೆ ಅದು ಕಮಟಾಗಿ ಜಿರಲೆಗಳನ್ನು ಕರೆಯುತ್ತದೆ.

ಅಂಗಡಿಯ ಸಾಮಾನ್ಯ ಲಿಥಿಯಂ ಗ್ರೀಸು ಬೇರಿಂಗಿಗೆ ಒಳ್ಳೆಯದು. ಆದರೆ ಸುಮಾರು 120-130 ಡಿಗ್ರಿ ಸೆಲ್ಸಿಯಸ್ ಕಾವಿನಾಚೆಗೆ ಅದು ಬಹುಕಾಲ ಬಾಳದು. ಬಣ್ಣದ ಕಾರ್ಖಾನೆಯ ಹಬೆಯ ಪೈಪನ್ನೇ ನೋಡಿ. 7 ಬಾರ್ ಒತ್ತಡದ ಹಬೆಯೆಂದರೆ ಸುಮಾರು 170 ಡಿಗ್ರಿ. ಅಲ್ಲಿ ಗ್ರೀಸಿನ ಎಣ್ಣೆ ಹಾರಿಹೋಗಿ ಬರಿಯ ಮಸಿ ಉಳಿಯುತ್ತದೆ.

ಸ್ಪ್ರೇ ಡಬ್ಬಿಯ ವಿಷಯವನ್ನೂ ಹೇಳಿಬಿಡೋಣ. ಡಬ್ಲ್ಯುಡಿ-40 ಎಂಬುದು 1953ರಲ್ಲಿ ಅಮೇರಿಕೆಯಲ್ಲಿ ತಯಾರಾದದ್ದು. ನೀರನ್ನು ಹೊರದೂಡುವುದು ಅದರ ಮೂಲ ಉದ್ದೇಶ, ಹೆಸರಿನ ಅರ್ಥವೂ ಅದೇ. ಕಚ್ಚಿದ್ದನ್ನು ಬಿಡಿಸಲು ಇಂಥವು ನೆರವಾಗುತ್ತವೆ. ಮುಂದೆ ಕಚ್ಚದಂತೆ ವರ್ಷಗಟ್ಟಲೆ ಕಾಯುವುದು ಅವುಗಳ ಕೆಲಸವಲ್ಲ. ಬಿಚ್ಚುವಾಗ ಸ್ಪ್ರೇ, ಜೋಡಿಸುವಾಗ ಮುಲಾಮು ಎಂದು ನೆನಪಿಡಿರಿ.

ಆ ಮುಲಾಮಿಗೆ ಅಂಗಡಿಯವರು ಆಂಟಿ-ಸೀಜ್ ಎನ್ನುತ್ತಾರೆ. ಗ್ರೀಸಿನಲ್ಲಿ ತಾಮ್ರ, ಅಲ್ಯೂಮಿನಿಯಂ, ನಿಕೆಲ್, ಗ್ರಾಫೈಟು, ಮೋಲಿಬ್ಡಿನಂ ಡೈಸಲ್ಫೈಡು ಇಂಥವುಗಳ ನುಣ್ಣನೆಯ ಪುಡಿ ಕಲಸಿರುತ್ತದೆ. ಕಾವಿಗೆ ಎಣ್ಣೆ ಹಾರಿಹೋದರೂ ಪುಡಿ ಥ್ರೆಡ್ಡಿನ ಸಂದಿಯಲ್ಲಿ ಉಳಿದು ಲೋಹಕ್ಕೆ ಲೋಹ ತಾಗದಂತೆ ತಡೆಯುತ್ತದೆ. ಅದರ ಗುಟ್ಟು ಇಷ್ಟೆ.

ಯಾವ ಕೆಲಸಕ್ಕೆ ಯಾವುದು?

ಎಲ್ಲ ರೋಗಕ್ಕೂ ಒಂದೇ ಮದ್ದು ಇಲ್ಲ. ಡಬ್ಬಿ ಕೊಳ್ಳುವ ಮುನ್ನ ನಾಲ್ಕು ಪ್ರಶ್ನೆ ಕೇಳಬೇಕು: ಕಾವು ಎಷ್ಟು? ಲೋಹ ಯಾವುದು? ಸುತ್ತಲಿನ ಗಾಳಿ ಎಂಥದು? ಆಹಾರಕ್ಕೆ ತಾಗುವ ಸಂಭವವಿದೆಯೇ?

ಹೋಟೆಲು ಬಾಂಧವರಿಗೆ ಕೊನೆಯ ಪ್ರಶ್ನೆಯೇ ಮೊದಲನೆಯದು. ತಾಮ್ರದ ಪಾತ್ರೆಗೆ ನಮ್ಮ ಹಿರಿಯರು ಕಲಾಯಿ ಏಕೆ ಹಾಕಿಸುತ್ತಿದ್ದರು? ಹುಳಿ ತಾಗಿ ಕಿಲುಬು ಬಾರದಿರಲೆಂದು. ಅಂದಮೇಲೆ ಹುಳಿ ಬಂದ ದೋಸೆಹಿಟ್ಟಿನ ಪಕ್ಕದ ಬೋಲ್ಟಿಗೆ ತಾಮ್ರದ ಮುಲಾಮು ಹಚ್ಚಬಹುದೇ? ಕೂಡದು. ಗ್ರೈಂಡರು, ಹಿಟ್ಟು ನಾದುವ ಯಂತ್ರ, ಆಲೂಗಡ್ಡೆ ಸಿಪ್ಪೆ ತೆಗೆಯುವ ಯಂತ್ರ ಇವುಗಳಿಗೆ ಲೋಹದ ಪುಡಿಯಿಲ್ಲದ, ಸಾಮಾನ್ಯವಾಗಿ ಬೆಳ್ಳಗಿರುವ, ಆಹಾರದ ಯಂತ್ರಗಳಿಗೆಂದೇ ಮಾಡಿದ ಮುಲಾಮು ಸಿಗುತ್ತದೆ. ಡಬ್ಬಿಯ ಮೇಲೆ "ಎನ್‌ಎಸ್‌ಎಫ್ ಎಚ್1" ಎಂಬ ಗುರುತು ನೋಡಿರಿ. ಅಕಸ್ಮಾತ್ ಚೂರು ಆಹಾರಕ್ಕೆ ತಾಗಿದರೂ ಅಪಾಯವಾಗದಂಥ ಪದಾರ್ಥಗಳಿಂದ ಮಾಡಿದ್ದು ಎಂದು ಅದರ ಅರ್ಥ. ತಾಗಬಹುದಾದ ಮಿತಿಯೂ ಹತ್ತು ಲಕ್ಷ ಭಾಗದಲ್ಲಿ 10 ಭಾಗ ಮಾತ್ರ. ತಿನ್ನುವ ಪದಾರ್ಥವೆಂದು ಭಾವಿಸಬಾರದು. "ಎಚ್2" ಎಂದಿದ್ದರೆ ಆಹಾರ ತಾಗಲು ಆಸ್ಪದವೇ ಇಲ್ಲದ ಕಡೆಗೆ ಮಾತ್ರ. ಗುರುತು ಒಂದಂಕಿಯಷ್ಟೇ ಬೇರೆ, ಗಿರಾಕಿಯ ಹೊಟ್ಟೆಗಾದರೆ ಬಹಳ ಬೇರೆ.

ಭಟ್ಟಿಯ ಕಬ್ಬಿಣದ ಚೌಕಟ್ಟು, ಹೊಗೆ ಕೊಳವೆ, ಹಬೆ ಪೈಪಿನ ಫ್ಲಾಂಜು, ಇಂಥ ಬಿಸಿ ತಾಗುವ ಉಕ್ಕಿನ ಬೋಲ್ಟುಗಳಿಗೆ ತಾಮ್ರದ ಮುಲಾಮು ಸರಿ. ತಯಾರಕರು ಅದಕ್ಕೆ ಸುಮಾರು 980 ಡಿಗ್ರಿಯವರೆಗೆ ಭರವಸೆ ಕೊಡುತ್ತಾರೆ. ಬೆಳ್ಳಿ ಬಣ್ಣದ, ಅಲ್ಯೂಮಿನಿಯಂ ಮತ್ತು ಗ್ರಾಫೈಟಿನ ಮುಲಾಮು ಸುಮಾರು 870 ಡಿಗ್ರಿಯವರೆಗೆ. ಸಾಧಾರಣ ಕೆಲಸಕ್ಕೆ ಅದೂ ಸಾಕು. ನಿಕೆಲಿನದು 1300 ಡಿಗ್ರಿಯನ್ನೂ ದಾಟುತ್ತದೆ. ಸ್ಟೇನ್‌ಲೆಸ್ ಬೋಲ್ಟುಗಳಿಗೂ ರಾಸಾಯನಿಕ ಕಾರ್ಖಾನೆಗಳಿಗೂ ಅದು ಹೆಚ್ಚು ಹೊಂದುತ್ತದೆ. ಆದರೆ ನಿಕೆಲ್ ಪುಡಿ ಹಲವರ ಚರ್ಮಕ್ಕೆ ಒಗ್ಗದು, ತುರಿಕೆ ಹುಣ್ಣು ತರುತ್ತದೆ. ಕೈಗವಸು ಹಾಕದೆ ಮುಟ್ಟಬೇಡಿರಿ. ಕೈ ತೊಳೆಯದೆ ಊಟಕ್ಕೆ ಕೂರಬೇಡಿರಿ.

ತಾಮ್ರಕ್ಕೂ ಆಗದ ಜಾಗಗಳಿವೆ. ಅಮೋನಿಯಾ ಅನಿಲವಿರುವ ಐಸ್ ಫ್ಯಾಕ್ಟರಿ, ಶೀತಲಗೃಹಗಳಲ್ಲಿ ಅಮೋನಿಯಾ ತಾಮ್ರವನ್ನು ತಿನ್ನುತ್ತದೆ. ರೇಯಾನು ಗಿರಣಿಯ ಗಂಧಕದ ಗಾಳಿ ತಾಮ್ರವನ್ನು ಕೆಡಿಸುತ್ತದೆ. ಅಲ್ಯೂಮಿನಿಯಂ ಭಾಗಕ್ಕೆ ತಾಮ್ರದ ಮುಲಾಮು ಹಚ್ಚಿ ಮೇಲೆ ಉಪ್ಪುನೀರು ಬಿದ್ದರೆ ಅಲ್ಯೂಮಿನಿಯಮ್ಮೇ ಕರಗುತ್ತ ಹೋಗುತ್ತದೆ. ವೆಲ್ಡಿಂಗಿನ ಅಸಿಟಿಲೀನ್ ಅನಿಲ ತಾಮ್ರದೊಡನೆ ಸೇರಿ ಸಿಡಿಯುವ ವಸ್ತುವಾಗಬಲ್ಲದು. ಅಲ್ಲಿ ತಾಮ್ರ ಬೇಡವೇ ಬೇಡ.

ಇನ್ನೊಂದನ್ನು ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಹಚ್ಚಬೇಕು: ಆಕ್ಸಿಜನ್ ಸಿಲಿಂಡರಿನ ವಾಲ್ವಿಗಾಗಲಿ ರೆಗ್ಯುಲೇಟರಿಗಾಗಲಿ ಎಣ್ಣೆ, ಗ್ರೀಸು, ಮುಲಾಮು ಯಾವುದೂ ಕೂಡದು. ಒತ್ತಡದ ಆಕ್ಸಿಜನ್ನಿಗೆ ಎಣ್ಣೆಯ ಪಸೆ ತಾಗಿದರೆ ಕಿಡಿಯಿಲ್ಲದೆ ಬೆಂಕಿ ಹತ್ತೀತು. ಹೋಟೆಲಿನ ಗ್ಯಾಸ್ ಭಟ್ಟಿಯ ಚಾವಿ, ಸಿಲಿಂಡರಿನ ಜೋಡಣೆ ಇವುಗಳಿಗೂ ಬೋಲ್ಟಿನ ಮುಲಾಮು ಹಚ್ಚಬಾರದು. ಅದಕ್ಕೆ ಬೇರೆಯೇ ಸಾಮಾನಿದೆ, ಬಲ್ಲವನನ್ನೇ ಕರೆಯಬೇಕು. ಬಾಯ್ಲರಿನ ಸೇಫ್ಟಿ ವಾಲ್ವಿನ ಗೊಡವೆಗೂ ಹೋಗಬಾರದು.

ಅಂಗಡಿಯಲ್ಲಿ ಕೇಳುವಾಗಲೂ ಎಚ್ಚರ ಬೇಕು. ಬರಿಯ "ಲೋಕ್‌ಟೈಟ್ ಕೊಡಿ" ಎಂದರೆ ಅಂಗಡಿಯವನು ನೀಲಿ ಅಥವಾ ಕೆಂಪು ಬಾಟಲಿಯನ್ನು ಕೊಟ್ಟಾನು. ಅದು ಬೋಲ್ಟು ಸಡಿಲವಾಗದಂತೆ ಹಿಡಿಯುವ ಅಂಟು! ಅದೇ ಹೆಸರಿನಲ್ಲಿ ಆಂಟಿ-ಸೀಜ್ ಮುಲಾಮೂ ಬರುತ್ತದೆ. ಬೇಕಾದ್ದು ಒಂದು, ತಂದದ್ದು ಅದಕ್ಕೆ ತದ್ವಿರುದ್ಧ. ಆದ್ದರಿಂದ ಕಂಪನಿಯ ಹೆಸರನ್ನಲ್ಲ, ಮುಲಾಮಿನ ಹೆಸರನ್ನೂ ನಂಬರನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿರಿ.

ಹಚ್ಚುವ ಕ್ರಮ

ಮೊದಲು ತಂತಿ ಬ್ರಷ್ಷಿನಿಂದ ಥ್ರೆಡ್ಡನ್ನು ಉಜ್ಜಿ ತುಕ್ಕು, ಹಳೆಯ ಗ್ರೀಸು ತೆಗೆಯಬೇಕು. ಕೊಳೆಯ ಮೇಲೆ ಮುಲಾಮು ಹಚ್ಚಿದರೆ ಕೊಳೆಯನ್ನೇ ಒಳಗೆ ಕೂರಿಸಿದಂತಾಗುತ್ತದೆ. ನಂತರ ಥ್ರೆಡ್ಡಿಗೂ ಬೋಲ್ಟಿನ ತಲೆಯಡಿಗೂ ತೆಳ್ಳಗೆ ಹಚ್ಚಬೇಕು. ಅತಿಯಾದರೆ ಅಮೃತವೂ ವಿಷ. ಹೆಚ್ಚಾದದ್ದು ಹೊರಗೆ ಹಿಂಡಿ ಬಂದು ಧೂಳು ಹಿಡಿಯುತ್ತದೆ, ಹೋಟೆಲಿನಲ್ಲಾದರೆ ಹಿಟ್ಟಿಗೂ ಬೀಳಬಹುದು. ಸ್ಟೇನ್‌ಲೆಸ್ ಬೋಲ್ಟನ್ನು ನಿಧಾನವಾಗಿ, ಕೈಯಿಂದಲೇ ತಿರುಗಿಸಬೇಕು. ಬೇರಿಂಗಿನೊಳಗೆ ಈ ಮುಲಾಮು ಹಾಕಬಾರದು, ಅದರ ಪುಡಿ ಗುಂಡುಗಳನ್ನು ಸವೆಸುತ್ತದೆ. ಗಾಡಿಯ ಚಕ್ರದ ನಟ್ಟುಗಳಿಗೆ ತಯಾರಕರು ಹೇಳದ ಹೊರತು ಹಚ್ಚಬಾರದು.

ಏಕೆಂದು ಕೇಳುವಿರಾ? ಅದರಲ್ಲೇ ಒಂದು ಮುಖ್ಯ ಸಂಗತಿ ಅಡಗಿದೆ. ಒಣ ಬೋಲ್ಟನ್ನು ಬಿಗಿಯುವಾಗ ನಾವು ಹಾಕುವ ನೂರು ಪಾಲು ಬಲದಲ್ಲಿ ಸುಮಾರು ಐವತ್ತು ಪಾಲು ತಲೆಯಡಿಯ ಘರ್ಷಣೆಗೆ, ನಲವತ್ತು ಪಾಲು ಥ್ರೆಡ್ಡಿನ ಘರ್ಷಣೆಗೆ ಹೋಗುತ್ತದೆ. ನಿಜವಾಗಿ ಬೋಲ್ಟನ್ನು ಎಳೆದು ಬಿಗಿಯಾಗಿ ಹಿಡಿಯುವುದು ಉಳಿದ ಹತ್ತು ಪಾಲು. ಮುಲಾಮು ಹಚ್ಚಿದಾಗ ಘರ್ಷಣೆ ತಗ್ಗುತ್ತದೆ. ಹಳೆಯ ಅಭ್ಯಾಸದಂತೆ ಅಷ್ಟೇ ಬಲ ಹಾಕಿದರೆ ಬೋಲ್ಟಿನ ಮೇಲೆ ಎಳೆತ ಮಿತಿ ಮೀರುತ್ತದೆ. ಲೆಕ್ಕ ನೋಡಿರಿ. 12 ಮಿಲಿಮೀಟರಿನ, ತಲೆಯ ಮೇಲೆ 8.8 ಎಂಬ ಗುರುತಿರುವ ಬೋಲ್ಟಿಗೆ ಒಣಗಿದ್ದಾಗ ಸುಮಾರು 88 ನ್ಯೂಟನ್-ಮೀಟರ್ ಬೇಕು. ಎಂದರೆ ಒಂದಡಿ ಉದ್ದದ ಪಾನಾದ ತುದಿಯಲ್ಲಿ ಸುಮಾರು 30 ಕಿಲೋ ಭಾರದಷ್ಟು ಎಳೆತ. ಮುಲಾಮು ಹಚ್ಚಿದರೆ ಸುಮಾರು 66, ಎಂದರೆ 22 ಕಿಲೋ ಸಾಕು. ಕಾಲು ಪಾಲಿನಷ್ಟು ಕಡಿಮೆ. ಮುಲಾಮಿನಿಂದ ಮುಲಾಮಿಗೆ ಇದು ಬದಲಾಗುವುದರಿಂದ ಡಬ್ಬಿಯ ಜತೆಗಿನ ಕಾಗದದಲ್ಲಿ ಹೇಳಿದ್ದೇ ಪ್ರಮಾಣ. ಮುಲಾಮೂ ಹಚ್ಚಿ ಪೈಪನ್ನೂ ತೊಡಿಸಿ ಜೋತುಬಿದ್ದರೆ ಬೋಲ್ಟು ಮುರಿದೀತು.

"ಬೋಲ್ಟು ತುಕ್ಕು ಹಿಡಿದರೆ ಒಳ್ಳೆಯದೇ, ಸಡಿಲವಾಗುವುದಿಲ್ಲ" ಎಂಬ ಮಾತೂ ಕೇಳಿಬರುತ್ತದೆ. ಇದು ಸರಿಯಲ್ಲ. ಎರಡು ಭಾಗಗಳನ್ನು ಒತ್ತಿ ಹಿಡಿಯುವುದು ಬೋಲ್ಟಿನ ಎಳೆತ. ತುಕ್ಕು ನಟ್ಟನ್ನು ಹಿಡಿದೀತೇ ಹೊರತು ಬೋಲ್ಟನ್ನು ಒಳಗೊಳಗೇ ತಿಂದು ಸಣ್ಣ ಮಾಡುತ್ತದೆ.

ಈಗಾಗಲೇ ಕಚ್ಚಿದ್ದರೆ?

ಮೊದಲು ಯಂತ್ರ ನಿಲ್ಲಿಸಿ, ಕರೆಂಟಿನ ಸಂಪರ್ಕ ಕಳಚಬೇಕು. ಪೈಪಾದರೆ ಒಳಗಿನ ಒತ್ತಡ ಪೂರ್ತಿ ಇಳಿದಿದೆಯೆಂದು ಖಾತ್ರಿ ಮಾಡಿಕೊಳ್ಳಬೇಕು. ಥ್ರೆಡ್ಡಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಕಾಯಬೇಕು. ಒಂದು ರಾತ್ರಿ ಬಿಟ್ಟರೂ ತಪ್ಪಿಲ್ಲ. ಆಮೇಲೆ ಸ್ವಲ್ಪ ಬಿಗಿ, ಸ್ವಲ್ಪ ಸಡಿಲು, ಹೀಗೆ ಹಿಂದೆ ಮುಂದೆ ಆಡಿಸುತ್ತ ಬಿಡಿಸಬೇಕು.

ನಟ್ಟನ್ನು ಕಾಯಿಸಿದರೆ ಅದು ಹಿಗ್ಗಿ ಸಡಿಲವಾಗುತ್ತದೆಂಬುದು ಹಳೆಯ ಮಿಸ್ತ್ರಿಗಳ ಉಪಾಯ, ನಿಜವೂ ಹೌದು. ಆದರೆ ಎಲ್ಲಿ ಎಂಬುದನ್ನು ನೋಡಬೇಡವೇ? ಸ್ಪ್ರೇ ಹೊಡೆದ ಬೋಲ್ಟಿಗೆ ಆಗಲೇ ಬೆಂಕಿ ಹಿಡಿದರೆ ಆ ಎಣ್ಣೆಯೇ ಉರಿಯುತ್ತದೆ. ಡೊಂಬಿವಲಿ ಎಂಐಡಿಸಿಯಲ್ಲಿ 2016ರ ಮೇ 26ರಂದೂ 2024ರ ಮೇ 23ರಂದೂ ನಡೆದ ಸ್ಫೋಟಗಳನ್ನು ನಮ್ಮಲ್ಲಿ ಮರೆತವರಾರು? ಅವುಗಳಿಗೆ ಬೋಲ್ಟು ಕಾರಣವೆಂದು ನಾವು ಹೇಳುತ್ತಿಲ್ಲ. ನಾವು ಎಂಥ ನೆರೆಹೊರೆಯಲ್ಲಿ ದುಡಿಯುತ್ತಿದ್ದೇವೆಂದು ನೆನಪಿಸುತ್ತಿದ್ದೇವೆ. ದ್ರಾವಕ, ಅನಿಲಗಳಿರುವ ಕಾರ್ಖಾನೆಯಲ್ಲಿ ಜವಾಬ್ದಾರ ಅಧಿಕಾರಿಯ ಬರಹದ ಪರವಾನಗಿ ಇಲ್ಲದೆ ಯಾರು ಹೇಳಿದರೂ ಗ್ಯಾಸ್ ಕಟರು ಹಚ್ಚಬೇಡಿರಿ. ಬೋಲ್ಟಿಗೆ ಮೊದಲೇ ಮುಲಾಮು ಹಚ್ಚಿದ್ದರೆ ಅಲ್ಲಿ ಬೆಂಕಿಯ ಮಾತೇ ಏಳುತ್ತಿರಲಿಲ್ಲ.

ಯಾರ ಹೊಣೆ?

1948ರ ಕಾರ್ಖಾನೆ ಕಾಯಿದೆಯ 21ನೆಯ ಕಲಮು ತಿರುಗುವ ಯಂತ್ರಕ್ಕೆ ಭದ್ರವಾದ ಬೇಲಿ ಬೇಕೆಂದು ಹೇಳಿತ್ತು. 22ನೆಯ ಕಲಮು ಚಲಿಸುವ ಯಂತ್ರಕ್ಕೆ ಎಣ್ಣೆ ಹಾಕುವ ಅಗತ್ಯ ಬಿದ್ದರೆ ಅದಕ್ಕೆಂದೇ ತರಬೇತಾದ, ಬಿಗಿ ಉಡುಪು ತೊಟ್ಟ, ರಿಜಿಸ್ಟರಿನಲ್ಲಿ ಹೆಸರಿರುವ ಕೆಲಸಗಾರನೇ ಆ ಕೆಲಸ ಮಾಡಬೇಕೆಂದೂ, ಆ ಉಡುಪನ್ನು ಮಾಲಿಕರೇ ಕೊಡಬೇಕೆಂದೂ ವಿಧಿಸಿತ್ತು. 1987ರಲ್ಲಿ ಸೇರಿದ 111-ಎ ಕಲಮಿನಿಂದ ತನ್ನ ಆರೋಗ್ಯ, ಸುರಕ್ಷತೆಗಳ ಬಗ್ಗೆ ಮಾಲಿಕರಿಂದ ಮಾಹಿತಿ ಪಡೆಯುವ ಹಕ್ಕು ಕಾರ್ಮಿಕನಿಗೆ ದೊರೆಯಿತು. ಆ ಕಾಯಿದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಬಂದು, 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಮಾಹಿತಿ ಕೇಳುವ ಹಕ್ಕು ಅದರಲ್ಲೂ ಉಳಿದಿದೆ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಹೋಟೆಲುಗಳೂ ಅದರ ವ್ಯಾಪ್ತಿಗೆ ಸೇರುತ್ತವೆಂಬುದನ್ನು ಹೋಟೆಲು ಬಾಂಧವರು ಗಮನಿಸಬೇಕು.

ಮಾಲಿಕರಿಗೂ ಒಂದು ಮಾತು. ಬೋಲ್ಟು ಕತ್ತರಿಸಲು ಯಂತ್ರ ಅರ್ಧ ದಿನ ನಿಂತರೆ ಆಗುವ ನಷ್ಟದಲ್ಲಿ ಈ ಮುಲಾಮಿನ ಡಬ್ಬಿ ಬಂದೀತು. ಒಂದು ಡಬ್ಬಿ ನೂರಾರು ಬೋಲ್ಟಿಗೆ ಸಾಕು. ಇದನ್ನು ದಾನವೆಂದು ಕೊಡಬೇಕಾಗಿಲ್ಲ. ನಿಮ್ಮ ಯಂತ್ರದ ಹಿತವೂ ಅದರಲ್ಲಿದೆ.

ಬಾಂಧವರೇ, ಮಳೆಗಾಲಕ್ಕೆ ಮುನ್ನ ಪ್ರತಿಯೊಂದು ಹೋಟೆಲಿನಲ್ಲಿ, ಪ್ರತಿಯೊಂದು ಖಾತೆಯಲ್ಲಿ ನಾಲ್ಕು ಕೆಲಸ ಆಗಬೇಕು. ಒಂದು, ಜಾಲರಿ ಇಲ್ಲದ ಯಂತ್ರಗಳ ಪಟ್ಟಿ ಮಾಡಿ ಮಾಲಿಕರಿಗೆ ಬರಹದಲ್ಲಿ ಕೊಡಿರಿ. ಎರಡು, ಇರುವ ಜಾಲರಿಗಳ ಬೋಲ್ಟನ್ನು ಒಂದೊಂದಾಗಿ ಬಿಚ್ಚಿ, ಉಜ್ಜಿ, ತಕ್ಕ ಮುಲಾಮು ಹಚ್ಚಿ ಮತ್ತೆ ಬಿಗಿಯಿರಿ. ಮೂರು, ಅಡಿಗೆಮನೆಯ ಡಬ್ಬಿಯನ್ನೂ ಹೊರಗಿನ ಡಬ್ಬಿಯನ್ನೂ ಬೇರೆ ಬೇರೆ ಇಟ್ಟು, ಓದಲು ಬಾರದವನಿಗೂ ತಿಳಿಯುವಂತೆ ಮುಚ್ಚಳಕ್ಕೆ ಬೇರೆ ಬಣ್ಣ ಬಳಿಯಿರಿ. ನಾಲ್ಕು, ಯಾವ ಯಂತ್ರಕ್ಕೆ ಯಾವ ಮುಲಾಮು, ಯಾವ ದಿನ ಹಚ್ಚಿದ್ದು, ಯಾರು ಹಚ್ಚಿದರು ಎಂಬುದನ್ನು ಒಂದು ವಹಿಯಲ್ಲಿ ಬರೆದಿಡಿರಿ. ಇಂದು ಇರುವವನು ನಾಳೆ ಊರಿಗೆ ಹೋಗುತ್ತಾನೆ. ಅವನ ಜಾಗಕ್ಕೆ ಬಂದ ಹೊಸ ಹುಡುಗನಿಗೆ ಆ ವಹಿಯೇ ಗುರು.

ಊರು ಸೂರೆಹೋದ ಮೇಲೆ ಕೋಟೆಯ ಬಾಗಿಲು ಹಾಕಿ ಫಲವೇನು? ಬೆರಳು ಹೋದ ಮೇಲೆ ಪರಿಹಾರಕ್ಕಾಗಿ ಸಂಘ ಹೋರಾಡುವುದು ಇದ್ದೇ ಇದೆ. ಆದರೆ ಪರಿಹಾರದ ಹಣದಿಂದ ಬೆರಳು ಮತ್ತೆ ಚಿಗುರದು. ನಮ್ಮ ಬಳಿ ಇರುವ ಬಂಡವಾಳವೆಂದರೆ ಈ ಎರಡು ಕೈಗಳು. ಅವುಗಳನ್ನು ಕಾಯುವ ಕೆಲಸ ಒಂದು ಬೋಲ್ಟಿನಿಂದಲೇ ಆರಂಭವಾಗಲಿ.